ಇನ್‌ಪುಟ್ ಬಾಕ್ಸ್‌ನೊಳಗಿನ ಐಕಾನ್ ಬಟನ್
ಮೊಬೈಲ್, ಕಂಪ್ಯೂಟರ್ ತೆರೆಯಲ್ಲಿ ಅಕ್ಷರ ತುಂಬುವ ಚೌಕದೊಳಗೇ ಕೂರಿಸಿದ ಚಿತ್ರದ ಬಟನ್. ಹುಡುಕಲು ಭೂತಗನ್ನಡಿ, ಬರೆದದ್ದು ಅಳಿಸಲು ಗುಣಾಕಾರ ಚಿಹ್ನೆ, ಪಾಸ್‌ವರ್ಡ್ ತೋರಿಸಲು ಕಣ್ಣು. ಕನ್ನಡಿಗರಿಗೆ ಹೆಚ್ಚು ಒದಗಿದ್ದು ಮೈಕ್. ಗೂಗಲ್ 2017ರ ಆಗಸ್ಟ್‌ನಲ್ಲಿ ಧ್ವನಿ ಹುಡುಕಾಟಕ್ಕೆ ಕನ್ನಡವನ್ನೂ ಸೇರಿಸಿದ ಮೇಲೆ, ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂಥ ಊರಲ್ಲೂ ಒತ್ತಕ್ಷರ ಟೈಪಿಸುವ ಗೋಜಿಲ್ಲದೆ ಅಡಿಕೆ ಧಾರಣೆ ಕೇಳಬಹುದಾಯಿತು.

ಬಟನ್ ತೀರಾ ಚಿಕ್ಕದಾದರೆ ಬೆರಳು ಪಕ್ಕಕ್ಕೆ ಬಿದ್ದು ಕೀಲಿಮಣೆ ಎದ್ದುಬರುತ್ತದೆ. ಚಿತ್ರ ಎಷ್ಟೇ ಪುಟ್ಟದಿರಲಿ, ಒತ್ತುವ ಜಾಗ ಆಂಡ್ರಾಯ್ಡ್‌ನಲ್ಲಿ ಕನಿಷ್ಠ 48 ಡಿಪಿ, ಆ್ಯಪಲ್‌ನಲ್ಲಿ ಕನಿಷ್ಠ 44 ಪಾಯಿಂಟ್ (ಎರಡೂ ತೆರೆಯ ಮೇಲಿನ ಅಳತೆಯ ಮಾನಗಳು) ಇರಬೇಕೆಂಬುದು ಆಯಾ ಕಂಪನಿಗಳ ಸೂಚನೆ. ಉದ್ದನೆಯ ಕನ್ನಡ ಪದ ಐಕಾನಿನಡಿ ನುಸುಳದಂತೆ ಬಲಗಡೆ ಜಾಗ ಬಿಡಬೇಕು. ಇದನ್ನು ಮರೆಯುವವರೇ ಬಹಳ. ಪ್ರತಿ ಬಟನ್‌ಗೂ ಕೋಡ್‌ನಲ್ಲಿ ಹೆಸರಿಡದಿದ್ದರೆ ಅಂಧರು ಬಳಸುವ ಸ್ಕ್ರೀನ್ ರೀಡರ್ ಬರೀ ‘ಬಟನ್’ ಎಂದು ಓದಿ ಸುಮ್ಮನಾಗುತ್ತದೆ.