ಫೆಜ್

ಫೆಜ್ : ಎರಡು ಮತ್ತು ಮೂರು ಆಯಾಮಗಳ ನಡುವೆ ಸಾಗುತ್ತ ಒಗಟು ಬಿಡಿಸುವ ವಿಡಿಯೊ ಗೇಮ್. ಕೆನಡಾದ ಮಾಂಟ್ರಿಯಲ್ ನಗರದ ಪಾಲಿಟ್ರಾನ್ ಎಂಬ ಸಣ್ಣ ಸ್ವತಂತ್ರ ಸಂಸ್ಥೆ ಇದನ್ನು ರೂಪಿಸಿತು. ವಿನ್ಯಾಸ ಫಿಲ್ ಫಿಶ್ ಅವರದು. ಪ್ರೋಗ್ರಾಮಿಂಗ್ ರೆನೊ ಬೆಡಾರ್ ಅವರದು. ಸಂಗೀತ ಡಿಸಾಸ್ಟರ್‌ಪೀಸ್ ಹೆಸರಿನ ರಿಚ್ ವ್ರೀಲ್ಯಾಂಡ್ ಅವರದು.

ಆಟದ ನಾಯಕ ಗೊಮೆಜ್ ಚಪ್ಪಟೆ ಲೋಕದ ನಿವಾಸಿ. ಮಾಯಾಟೋಪಿಯೊಂದು ದೊರೆತ ಮೇಲೆ ತನ್ನ ಲೋಕಕ್ಕೆ ಆಳವೂ ಇದೆಯೆಂದು ಅವನಿಗೆ ತಿಳಿಯುತ್ತದೆ. ಆಟಗಾರ ಲೋಕವನ್ನು 90 ಡಿಗ್ರಿಯಷ್ಟು ತಿರುಗಿಸಿ ನಾಲ್ಕು ಮಗ್ಗುಲುಗಳಿಂದ ನೋಡಬಹುದು. ತೆರೆಯ ಮೇಲಿನ ಪ್ರತಿ ನೋಟದಲ್ಲೂ ಆಳ ಅಳಿಸಿಹೋಗುವುದರಿಂದ, ದೂರದೂರವಿದ್ದ ಮೆಟ್ಟಿಲುಗಳು ಇನ್ನೊಂದು ಮಗ್ಗುಲಿನಿಂದ ಒತ್ತೊತ್ತಾಗಿ ಕಾಣುತ್ತವೆ. ಕಂಡದ್ದೇ ನಿಜವಾಗಿ ಗೊಮೆಜ್ ಅವುಗಳ ಮೇಲೆ ದಾಟುತ್ತಾನೆ. ಚದುರಿದ ಘನಾಕೃತಿಗಳನ್ನು ಕೂಡಿಸುವುದು ಗುರಿ. ಕಾದಾಡಲು ಶತ್ರುಗಳಿಲ್ಲ, ಬಿದ್ದರೆ ಹತ್ತಿರದಿಂದಲೇ ಮತ್ತೆ ಆರಂಭ. ಗುಪ್ತ ಲಿಪಿ, ಅಂಕಿಗಳ ಸಂಕೇತಗಳನ್ನು ಭೇದಿಸುವುದು ಕಠಿಣ ಒಗಟುಗಳ ಭಾಗ.

2007ರಲ್ಲಿ ಪ್ರಕಟಣೆಯಾದ ಆಟ ಹಲವು ಬಾರಿ ತಡವಾಗಿ, 2012ರ ಏಪ್ರಿಲ್‌ನಲ್ಲಿ ಎಕ್ಸ್‌ಬಾಕ್ಸ್ 360ಕ್ಕೂ 2013ರಲ್ಲಿ ಕಂಪ್ಯೂಟರಿಗೂ ಬಂತು. 2012ರ ಸ್ವತಂತ್ರ ಆಟಗಳ ಉತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಪಡೆಯಿತು. ತಯಾರಿಕೆಯ ಒತ್ತಡಗಳು 'ಇಂಡೀ ಗೇಮ್: ದ ಮೂವಿ' ಸಾಕ್ಷ್ಯಚಿತ್ರದಲ್ಲಿ ದಾಖಲಾಗಿವೆ. ಎರಡನೆಯ ಭಾಗದ ಯೋಜನೆ 2013ರಲ್ಲಿ ರದ್ದಾಯಿತು.