ಲಾಯದಿಂದ ವಿದ್ಯಾಲಯಕ್ಕೆ

ಅಶ್ವವಿದ್ಯೆಯೆಂದರೆ ಜೀನಿನ ಮೇಲೆ ಭದ್ರವಾಗಿ ಕುಳಿತು ಲಗಾಮು ಹಿಡಿಯುವುದಷ್ಟೇ ಎಂದು ನಾವು ಬಗೆಯುವುದುಂಟು. ಫ್ರಾನ್ಸ್ ದೇಶದ ಲಿಯೋನ್ ನಗರದ ಇತಿಹಾಸವು ಈ ಭಾವನೆಯನ್ನು ತಿದ್ದುತ್ತದೆ. ಆ ಕಾಲದಲ್ಲಿ ರೋಗಪಟ್ಟ ಕುದುರೆಗೆ ಸಾಮಾನ್ಯವಾಗಿ ಲಾಳ ಕಟ್ಟುವವನೇ ವೈದ್ಯನು. ಅವನಲ್ಲಿ ಅನುಭವವಿತ್ತು, ಶಾಸ್ತ್ರವಿರಲಿಲ್ಲ. 1740ರಲ್ಲಿ ಅಲ್ಲಿನ ಸವಾರಿ ಶಾಲೆಗೆ ಮುಖ್ಯಸ್ಥನಾದ ಕ್ಲೋಡ್ ಬೂರ್ಜೆಲಾ ಎಂಬಾತನು, ಸವಾರಿಯನ್ನು ಕಲಿಸುವುದರಲ್ಲಿಯೇ ತೃಪ್ತನಾಗದೆ, ಶಸ್ತ್ರವೈದ್ಯರ ನೆರವಿನಿಂದ ಕುದುರೆಯ ಅಂಗರಚನೆಯನ್ನು ಅಭ್ಯಸಿಸಿದನು. 1761ರಲ್ಲಿ ರಾಜಾಜ್ಞೆ ದೊರೆತು, ಮರುವರ್ಷ ಅವನ ಪಶುವೈದ್ಯ ವಿದ್ಯಾಲಯವು ತೆರೆಯಿತು. ಯುರೋಪಿನಲ್ಲಿ ಅದೇ ಮೊದಲನೆಯದು. ಅದರ ವಿದ್ಯಾರ್ಥಿಗಳು ಲಾಳ ಕಟ್ಟುವುದನ್ನೂ ಕಲಿತರು. ದನಗಳ ಪಿಡುಗು ಹಬ್ಬಿದ ಪ್ರಾಂತಗಳಿಗೂ ಹೋದರು. ಹೀಗೆ ಸವಾರಿಯ ಅಂಗಳದಲ್ಲಿ ಮೊಳೆತ ಜಿಜ್ಞಾಸೆಯು ರೈತನ ಕೊಟ್ಟಿಗೆಗೂ ನೆರವಾಯಿತು. ಏರಿದ ಪ್ರಾಣಿಯ ನೋವನ್ನರಿಯದ ಸವಾರಿಯನ್ನು ನಾವು ವಿದ್ಯೆಯೆಂದು ಹೇಗೆ ಕರೆಯೋಣ?