ಮುಖ್ತಾರ, ಗುಮಾಸ್ತ ಮತ್ತು ಒಂದು ಮಾಸಪತ್ರಿಕೆ

ಉತ್ತರ ಭಾರತದ ಸಹಾರನಪುರ ಜಿಲ್ಲೆಯ ದೇವಬಂದ ಎಂಬ ಪಟ್ಟಣದಲ್ಲಿ 1914ರಲ್ಲಿ ಇಬ್ಬರು ಜೈನ ಗೃಹಸ್ಥರು ನ್ಯಾಯಾಲಯದ ವೃತ್ತಿಯನ್ನು ತ್ಯಜಿಸಿದರು. ಒಬ್ಬರು ವಕೀಲರಾಗಿದ್ದ ಬಾಬು ಸೂರಜಭಾನ. ಇನ್ನೊಬ್ಬರು ಅದೇ ಜಿಲ್ಲೆಯ ಸರಸಾವಾ ಊರಿನವರಾದ ಜುಗಲಕಿಶೋರ. ಎರಡನೆಯವರ ಹೆಸರಿನ ಮುಂದೆ ಬಿಟ್ಟ ವೃತ್ತಿಯ ಪದವೇ ಕೊನೆಯವರೆಗೂ ಅಂಟಿಕೊಂಡಿತು. ಮುಖ್ತಾರನೆಂದರೆ ಕೆಳಗಿನ ನ್ಯಾಯಾಲಯಗಳಲ್ಲಿ ಕಕ್ಷಿದಾರರ ಪರವಾಗಿ ಕಾಗದಪತ್ರಗಳನ್ನು ಸಿದ್ಧಪಡಿಸಿ ವ್ಯವಹರಿಸುವವನು. ವಕೀಲನಿಗಿಂತ ಒಂದು ಮೆಟ್ಟಿಲು ಕೆಳಗಿನವನು. ಸಮಂತಭದ್ರ, ಪಾತ್ರಕೇಸರಿ, ವಿದ್ಯಾನಂದ ಮುಂತಾದ ಆಚಾರ್ಯರ ಕಾಲ ಮತ್ತು ಕೃತಿಗಳನ್ನು ಕುರಿತು ಇಂದು ಬರೆಯುವವರು ಯಾರೇ ಆಗಲಿ ಈ ಮುಖ್ತಾರರನ್ನು ದಾಟಿ ಹೋಗುವಂತಿಲ್ಲ. ಅವರಿಗೆ ವಿಶ್ವವಿದ್ಯಾಲಯದ ಪೀಠವಿರಲಿಲ್ಲ. ಸಂಶೋಧನಾ ಪದವಿಯೂ ಇರಲಿಲ್ಲ. ಅವರಿಗಿದ್ದುದು ತಿಂಗಳಿಗೊಮ್ಮೆ ಬರೆಯಲು ದೊರೆಯುತ್ತಿದ್ದ ಕೆಲವು ಪುಟಗಳು. ಅವರ ವಿದ್ವತ್ತಿನ ಬಹುಭಾಗವು ಆ ಪುಟಗಳ ಮೇಲೆಯೇ, ಓದುಗರ ಕಣ್ಣೆದುರಿನಲ್ಲಿಯೇ, ರೂಪುಗೊಂಡಿತು.

ಆ ಪುಟಗಳು 'ಜೈನ ಹಿತೈಷಿ' ಎಂಬ ಹಿಂದಿ ಮಾಸಪತ್ರಿಕೆಯವು. ಪನ್ನಾಲಾಲ ಬಾಕಲೀವಾಲರು ಆರಂಭಿಸಿದ್ದ ಈ ಪತ್ರಿಕೆಯನ್ನು ಮುಂಬಯಿಯಲ್ಲಿ ಬೆಳೆಸಿದವರು ನಾಥೂರಾಮ ಪ್ರೇಮಿ. ಸಾಗರ ಜಿಲ್ಲೆಯ ದೇವರೀ ಗ್ರಾಮದ ಬಡ ಕುಟುಂಬವೊಂದರಲ್ಲಿ 1881ರಲ್ಲಿ ಜನಿಸಿದ ಪ್ರೇಮಿಯವರು ಮೊದಲು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ಬಳಿಕ ಮುಂಬಯಿಗೆ ಬಂದು ದಿಗಂಬರ ಜೈನ ಪ್ರಾಂತಿಕ ಸಭೆಯ ಕಚೇರಿಯಲ್ಲಿ ಗುಮಾಸ್ತರಾದರು. 'ಪ್ರೇಮಿ' ಎಂಬುದು ಅವರ ಕಾವ್ಯನಾಮ. ಸಂಸ್ಕೃತವನ್ನೂ ಬಂಗಾಳಿ, ಮರಾಠಿ, ಗುಜರಾತಿಗಳನ್ನೂ ಅವರು ಕಲಿತದ್ದು ಹೆಚ್ಚಾಗಿ ಸ್ವಪ್ರಯತ್ನದಿಂದ. ಕಚೇರಿಯ ಕೆಲಸ, ಪತ್ರಿಕೆಯ ಸಂಪಾದನೆ, ಕರಡು ತಿದ್ದುವಿಕೆ, ಹಸ್ತಪ್ರತಿಗಳ ಪರಿಶೀಲನೆ ಎಲ್ಲವೂ ಒಬ್ಬರ ಕೈಯಲ್ಲೇ ನಡೆಯುತ್ತಿದ್ದುದರಿಂದ ಪತ್ರಿಕೆಗೆ ಸಂಪಾದಕರ ವೈಯಕ್ತಿಕ ಮುದ್ರೆ ಬಿದ್ದಿತು. ಪ್ರೇಮಿಯವರಿಗೆ ಆ ತಿಂಗಳು ಯಾವ ಆಚಾರ್ಯನ ವಿಷಯದಲ್ಲಿ ಸಂದೇಹ ಹುಟ್ಟುತ್ತಿತ್ತೋ ಆ ತಿಂಗಳ ಲೇಖನ ಅದಾಗುತ್ತಿತ್ತು.

ಆ ಕಾಲದಲ್ಲಿ ಇಂಥ ಬರೆಹಕ್ಕೆ ಎಷ್ಟು ಧೈರ್ಯ ಬೇಕಾಗಿತ್ತೆಂಬುದನ್ನು ಇಂದಿನ ವಿದ್ಯಾರ್ಥಿಗಳು ಊಹಿಸುವುದು ಕಷ್ಟ. ಶಾಸ್ತ್ರಗ್ರಂಥಗಳನ್ನು ಅಚ್ಚಿಸುವುದೇ ಆಶಾತನ, ಪವಿತ್ರವಾದುದಕ್ಕೆ ಮಾಡಿದ ಅವಿನಯ, ಎಂದು ತಿಳಿಯುತ್ತಿದ್ದ ಸಮಾಜವದು. ಅಚ್ಚಾದ ಜಿನವಾಣಿಯನ್ನು ಬಸದಿಗಳಲ್ಲಿ ಇರಿಸಬಾರದೆಂಬ ವಾದವಿತ್ತು. ಸೂರಜಭಾನರು ಗ್ರಂಥಮುದ್ರಣಕ್ಕೆ ತೊಡಗಿ ಬಹಿಷ್ಕಾರದ ಬಿಸಿಯನ್ನು ಅನುಭವಿಸಿದವರು. ಅಚ್ಚು ಹಾಕುವುದೇ ಅಪರಾಧವಾಗಿದ್ದಲ್ಲಿ, ಅಚ್ಚಾದ ಗ್ರಂಥವು ಆ ಆಚಾರ್ಯನದೇ ಅಲ್ಲವೆಂದು ಬರೆಯುವವನ ಗತಿ ಏನಾದೀತು? ಜುಗಲಕಿಶೋರ ಮುಖ್ತಾರರು ಕೈಹಾಕಿದ್ದು ಅದಕ್ಕೇ.

'ಗ್ರಂಥಪರೀಕ್ಷಾ' ಎಂಬ ಅವರ ಲೇಖನಮಾಲೆ ಜೈನ ಹಿತೈಷಿಯಲ್ಲಿ ಕಂತುಕಂತಾಗಿ ಹೊರಬಂದಿತು. ಉಮಾಸ್ವಾಮಿ ಶ್ರಾವಕಾಚಾರ, ಕುಂದಕುಂದ ಶ್ರಾವಕಾಚಾರ, ಜಿನಸೇನ ತ್ರಿವರ್ಣಾಚಾರ, ಭದ್ರಬಾಹು ಸಂಹಿತೆ ಇವು ಪರೀಕ್ಷೆಗೆ ಒಳಗಾದ ಮೊದಲ ಗ್ರಂಥಗಳು. ಹೆಸರುಗಳನ್ನು ನೋಡಿದರೆ ಸಾಕು, ವಿಷಯದ ಗಾಂಭೀರ್ಯ ತಿಳಿಯುತ್ತದೆ. ಪರಂಪರೆಯಲ್ಲಿ ಇವಕ್ಕಿಂತ ದೊಡ್ಡ ಹೆಸರುಗಳು ಹೆಚ್ಚಿಲ್ಲ. ಮುಖ್ತಾರರ ವಿಧಾನ ಸರಳವಾಗಿತ್ತು, ಆದರೆ ನಿರ್ದಾಕ್ಷಿಣ್ಯವಾಗಿತ್ತು. ಶ್ಲೋಕಗಳನ್ನು ಒಂದೊಂದಾಗಿ ಬಿಡಿಸಿ, ಅವು ಇತರ ಜೈನಗ್ರಂಥಗಳಲ್ಲಿಯೂ ಮನುಸ್ಮೃತಿಯಂಥ ವೈದಿಕ ಗ್ರಂಥಗಳಲ್ಲಿಯೂ ಎಲ್ಲೆಲ್ಲಿ ದೊರೆಯುತ್ತವೆಂಬುದನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸುವುದು. ಎರವಲು ತಂದವನು ಬದಲಿಸಿದ ಪದ ಯಾವುದು, ಬದಲಿಸಲು ಮರೆತದ್ದು ಯಾವುದು ಎಂದು ಗುರುತಿಸುವುದು. ಪೂರ್ವಾಪರ ವಿರೋಧಗಳನ್ನು ಎತ್ತಿ ಹೇಳುವುದು. ನ್ಯಾಯಾಲಯದಲ್ಲಿ ಸಂದೇಹಾಸ್ಪದವಾದ ದಸ್ತಾವೇಜೊಂದನ್ನು ಪರಿಶೀಲಿಸುವ ಕ್ರಮವೇ ಇದು. ಬರೆದವನಾರು, ಯಾವಾಗ, ಯಾರ ಹೆಸರಿನಲ್ಲಿ, ಯಾರ ಲಾಭಕ್ಕೆ ಎಂಬ ಪ್ರಶ್ನೆಗಳನ್ನು ಮುಖ್ತಾರರು ವೃತ್ತಿಯಿಂದ ತಂದರೆಂದು ಊಹಿಸುವುದು ತಪ್ಪಾಗಲಾರದು. ಅವರು ವೃತ್ತಿಯನ್ನು ಬಿಟ್ಟರೂ ವೃತ್ತಿಯು ಕಲಿಸಿದ್ದನ್ನು ಬಿಡಲಿಲ್ಲ.

ಭದ್ರಬಾಹು ಸಂಹಿತೆಯ ವಿಷಯ ಕನ್ನಡಿಗರಿಗೆ ವಿಶೇಷವಾದುದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪರಂಪರೆಯು ಶ್ರುತಕೇವಲಿ ಭದ್ರಬಾಹುವಿನ ಹೆಸರಿನಿಂದಲೇ ಆರಂಭವಾಗುತ್ತದೆ. ಆತನ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಈ ಸಂಹಿತೆ ಬಹಳ ಈಚಿನ ಸಂಕಲನವೆಂದೂ ಶ್ರುತಕೇವಲಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲವೆಂದೂ ಮುಖ್ತಾರರು ತೋರಿಸಿದರು. ಇದರಿಂದ ಭದ್ರಬಾಹುವಿನ ಹಿರಿಮೆಗೆ ಕುಂದಾಗಲಿಲ್ಲ. ಆತನ ಮೇಲೆ ಹೊರಿಸಿದ್ದ ಭಾರವೊಂದು ಇಳಿಯಿತು. ಆದರೆ ಆ ಕಾಲದ ಓದುಗರೆಲ್ಲರೂ ಅದನ್ನು ಹಾಗೆ ಕಾಣಲಿಲ್ಲ. ಪರೀಕ್ಷೆಯ ಮೊದಲ ಎರಡು ಭಾಗಗಳು 1917ರಲ್ಲಿ ಗ್ರಂಥರೂಪದಲ್ಲಿ ಬಂದವು. ಸೋಮಸೇನ ತ್ರಿವರ್ಣಾಚಾರ ಮೊದಲಾದವುಗಳ ಪರೀಕ್ಷೆಯುಳ್ಳ ಮೂರನೆಯ ಭಾಗ 1928ರಲ್ಲಿ ಬಂದಿತು. ನಡುವಿನ ವರ್ಷಗಳಲ್ಲಿ ಧರ್ಮದ್ರೋಹಿ ಎಂಬ ಆಪಾದನೆಯನ್ನು ಲೇಖಕರೂ ಸಂಪಾದಕರೂ ಸಮವಾಗಿ ಹಂಚಿಕೊಂಡರು. ವಿಧವಾವಿವಾಹದ ಪರವಾದ ಬರೆಹಗಳಿಗೂ ಪ್ರೇಮಿಯವರು ಪತ್ರಿಕೆಯಲ್ಲಿ ಸ್ಥಳವಿತ್ತದ್ದರಿಂದ ವಿರೋಧ ಇನ್ನೂ ತೀಕ್ಷ್ಣವಾಯಿತು. ವಿಚಿತ್ರವೆಂದರೆ, ಇದೇ ಮುಖ್ತಾರರು 1916ರಲ್ಲಿ ರಚಿಸಿದ 'ಮೇರೀ ಭಾವನಾ' ಎಂಬ ಪ್ರಾರ್ಥನೆಯನ್ನು, ಅವರ ಸಂಶೋಧನೆಗಳನ್ನು ಒಪ್ಪದ ಮನೆಗಳಲ್ಲಿಯೂ ಮಕ್ಕಳು ಕಂಠಪಾಠ ಮಾಡಿದರು.

ಪತ್ರಿಕಾಲೇಖನವೆಂಬ ರೂಪ ಈ ಇಬ್ಬರಿಗೆ ನೀಡಿದ್ದೇನು ಎಂಬುದು ಇಲ್ಲಿಯ ಮುಖ್ಯ ಪ್ರಶ್ನೆ. ಗ್ರಂಥವು ನಿರ್ಣಯವನ್ನು ಬೇಡುತ್ತದೆ. ತಿಂಗಳ ಲೇಖನವಾದರೋ ಸದ್ಯಕ್ಕೆ ತಿಳಿದಷ್ಟನ್ನು ಹೇಳಿ ಮುಂದಿನ ತಿಂಗಳಿಗೆ ಬಾಗಿಲನ್ನು ತೆರೆದಿಡಬಲ್ಲುದು. ಗ್ರಂಥಭಂಡಾರಗಳು ಬೀಗದೊಳಗಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಮುಂಬಯಿಯಲ್ಲಿ ಕುಳಿತವನಿಗೆ ಒಂದು ಪ್ರಶಸ್ತಿಶ್ಲೋಕ ದೊರೆಯುತ್ತಿತ್ತು. ಅದಕ್ಕೆ ವಿರುದ್ಧವಾದ ಸಾಕ್ಷ್ಯ ಯಾವುದೋ ಊರಿನ ತಾಳೆಗರಿಯಲ್ಲಿ ಇರುತ್ತಿತ್ತು. ಎರಡೂ ಒಂದೆಡೆ ಸೇರಬೇಕಾದರೆ ಮೊದಲನೆಯವನು ತನ್ನ ಅಪೂರ್ಣ ಅಭಿಪ್ರಾಯವನ್ನು ಅಚ್ಚಿಸುವುದೊಂದೇ ದಾರಿಯಾಗಿತ್ತು. ತಪ್ಪಾಗುವ ಅಪಾಯವನ್ನು ಒಪ್ಪಿಕೊಂಡವನಿಗೆ ಮಾತ್ರ ಈ ದಾರಿ ತೆರೆಯುತ್ತಿತ್ತು.

ಪಾತ್ರಕೇಸರಿ ಮತ್ತು ವಿದ್ಯಾನಂದರ ಸಮಸ್ಯೆ ಇದಕ್ಕೆ ಉತ್ತಮ ನಿದರ್ಶನ. ಕನ್ನಡಿಗರಿಗೆ 'ಕವಿರಾಜಮಾರ್ಗ'ದ 1898ರ ಆವೃತ್ತಿಯ ಸಂಪಾದಕರಾಗಿ ಪರಿಚಿತರಾದ ಕೆ. ಬಿ. ಪಾಠಕರು, ಪಾತ್ರಕೇಸರಿ ಎಂಬುದು 'ಅಷ್ಟಸಹಸ್ರೀ'ಯ ಕರ್ತೃವಾದ ವಿದ್ಯಾನಂದನ ಇನ್ನೊಂದು ಹೆಸರೆಂದು ಪ್ರತಿಪಾದಿಸಿದ್ದರು. ಪಾಠಕರ ಅಧಿಕಾರ ದೊಡ್ಡದು. ಪ್ರೇಮಿಯವರೂ ಜೈನ ಹಿತೈಷಿಯ ತಮ್ಮ ಲೇಖನದಲ್ಲಿ ಅದನ್ನೇ ಅನುಸರಿಸಿದರು. ಈ ಅಭಿಪ್ರಾಯಕ್ಕೆ 'ಸಮ್ಯಕ್ತ್ವಪ್ರಕಾಶ' ಎಂಬ ಗ್ರಂಥದ ಹೇಳಿಕೆ ಆಧಾರವಾಗಿತ್ತು. ಮುಖ್ತಾರರು 1929ರಲ್ಲಿ ದೆಹಲಿಯ ಕರೋಲಬಾಗಿನಲ್ಲಿ ಸಮಂತಭದ್ರಾಶ್ರಮವನ್ನು ಸ್ಥಾಪಿಸಿ 'ಅನೇಕಾಂತ' ಎಂಬ ತಮ್ಮದೇ ಪತ್ರಿಕೆಯನ್ನು ತೊಡಗಿದಾಗ, ಅದರ ಮೊದಲ ವರ್ಷದ ಸಂಪುಟದಲ್ಲಿಯೇ ಈ ಐಕ್ಯವನ್ನು ಒಡೆದರು. ಸಮ್ಯಕ್ತ್ವಪ್ರಕಾಶವು ಈಚಿನದು, ಅದರ ಮಾತು ಪ್ರಮಾಣವಾಗದು. ಬೌದ್ಧ ಪಂಡಿತ ಶಾಂತರಕ್ಷಿತನು 'ತತ್ತ್ವಸಂಗ್ರಹ'ದಲ್ಲಿ ಪಾತ್ರಸ್ವಾಮಿಯ ಮತವನ್ನು ಎತ್ತಿಕೊಂಡು ಖಂಡಿಸಿದ್ದಾನೆ. ಶಾಂತರಕ್ಷಿತನು ಎಂಟನೆಯ ಶತಮಾನದವನು, ವಿದ್ಯಾನಂದನು ಅವನಿಗಿಂತ ಈಚಿನವನು. ಆದ್ದರಿಂದ ಇಬ್ಬರೂ ಒಬ್ಬರಾಗಲಾರರು. ಶ್ರವಣಬೆಳಗೊಳದ ಪಾರ್ಶ್ವನಾಥ ಬಸದಿಯಲ್ಲಿರುವ, ಶಕ 1050ರ ಮಲ್ಲಿಷೇಣ ಪ್ರಶಸ್ತಿಯು ಪಾತ್ರಕೇಸರಿಯನ್ನು 'ತ್ರಿಲಕ್ಷಣಕದರ್ಥನ'ದ ಕರ್ತೃವೆಂದು ಸ್ತುತಿಸುತ್ತದೆ. ಆ ಗ್ರಂಥ ಇಂದು ಉಪಲಬ್ಧವಿಲ್ಲ. ದೂರದ ದೆಹಲಿಯ ಒಂದು ಸಣ್ಣ ಪತ್ರಿಕೆಯಲ್ಲಿ ನಡೆದ ವಾದಕ್ಕೆ ಕಟವಪ್ರದ ಕಂಬವೊಂದು ಸಾಕ್ಷಿ ನುಡಿದಂತಾಯಿತು. ಲೇಖನವು ಗೆಳೆಯನ ಅಭಿಪ್ರಾಯವನ್ನೇ ತಿದ್ದಿತ್ತು. ಗೆಳೆತನಕ್ಕೆ ಅದರಿಂದ ಚ್ಯುತಿ ಬರಲಿಲ್ಲ.

ಶ್ರವಣಬೆಳಗೊಳದ ಶಾಸನಗಳು ಹಿಂದಿಯ ಓದುಗರಿಗೆ ದೊರೆತದ್ದೂ ಇದೇ ವಲಯದ ಪ್ರಯತ್ನದಿಂದ. ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ್ದ 144 ಶಾಸನಗಳ ಸಂಖ್ಯೆ ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಆವೃತ್ತಿಯಲ್ಲಿ 500ಕ್ಕೆ ಏರಿತು. ಅವುಗಳನ್ನು ನಾಗರೀ ಲಿಪಿಯಲ್ಲಿ, ವಿಸ್ತಾರವಾದ ಹಿಂದಿ ಪೀಠಿಕೆಯೊಂದಿಗೆ ಹೀರಾಲಾಲ ಜೈನರು 1928ರಲ್ಲಿ 'ಜೈನ ಶಿಲಾಲೇಖ ಸಂಗ್ರಹ'ದ ಮೊದಲ ಭಾಗವಾಗಿ ಹೊರತಂದರು. ಅದು ಪ್ರಕಟವಾದದ್ದು ಮಾಣಿಕಚಂದ್ರ ದಿಗಂಬರ ಜೈನ ಗ್ರಂಥಮಾಲೆಯಲ್ಲಿ; ಆ ಮಾಲೆಯನ್ನು ವೇತನವಿಲ್ಲದೆ ನಡೆಸುತ್ತಿದ್ದವರು ಪ್ರೇಮಿಯವರು. ಅಷ್ಟರಲ್ಲಿ ಪ್ರಾಂತಿಕ ಸಭೆಯ ಗುಮಾಸ್ತರು ಹಿಂದಿಯ ಪ್ರಮುಖ ಪ್ರಕಾಶಕರಲ್ಲಿ ಒಬ್ಬರಾಗಿದ್ದರು. 1912ರಲ್ಲಿ ಅವರು ಸ್ಥಾಪಿಸಿದ 'ಹಿಂದೀ ಗ್ರಂಥ ರತ್ನಾಕರ'ದ ಮೊದಲ ಪುಸ್ತಕ, ಮಹಾವೀರಪ್ರಸಾದ ದ್ವಿವೇದಿಯವರು ಜಾನ್ ಸ್ಟುವರ್ಟ್ ಮಿಲ್ಲನ ಸ್ವಾತಂತ್ರ್ಯ ಕುರಿತ ಪ್ರಬಂಧವನ್ನು ಅನುವಾದಿಸಿದ 'ಸ್ವಾಧೀನತಾ'. ಭಿನ್ನಾಭಿಪ್ರಾಯದ ಹಕ್ಕನ್ನು ಸಮರ್ಥಿಸುವ ಪುಸ್ತಕವೊಂದು ಜೈನ ಹಿತೈಷಿಯ ಸಂಪಾದಕರ ಕೈಯಿಂದ ಮೊದಲು ಹೊರಬಂದುದು ಆಕಸ್ಮಿಕವೆನ್ನಲು ಮನಸ್ಸು ಒಪ್ಪುವುದಿಲ್ಲ.

ಇದೇ ಗ್ರಂಥಮಾಲೆಯಲ್ಲಿ 1938ರಲ್ಲಿ ಜಟಾಸಿಂಹನಂದಿಯ 'ವರಾಂಗಚರಿತ' ಪ್ರಕಟವಾಯಿತು. ಸಂಪಾದಕರು ಬೆಳಗಾವಿ ಜಿಲ್ಲೆಯ ಸದಲಗಾದವರಾಗಿ, ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಬೋಧಿಸುತ್ತಿದ್ದ ಆ. ನೇ. ಉಪಾಧ್ಯೆ. ಅವರಿಗೆ ಆಧಾರವಾದದ್ದು ಕೊಲ್ಲಾಪುರದ ಲಕ್ಷ್ಮೀಸೇನ ಮಠದ, ಹಳಗನ್ನಡ ಲಿಪಿಯ ತಾಳೆಗರಿ. ಪಂಪನು ಆದಿಪುರಾಣದಲ್ಲಿ ಸ್ಮರಿಸುವ ಜಟಾಚಾರ್ಯ, ಚಾವುಂಡರಾಯನು ಉದ್ಧರಿಸುವ ಜಟಾಸಿಂಹನಂದಿ, ಕೊಪ್ಪಳದ ಬೆಟ್ಟದಲ್ಲಿ ಚಾವಯ್ಯನು ಪಾದಗಳನ್ನು ಕೆತ್ತಿಸಿದ ಜಟಾಸಿಂಗನಂದಿ ಇವರೆಲ್ಲರನ್ನು ಒಟ್ಟಿಗೆ ನೋಡಲು ಸಾಧ್ಯವಾದುದು ಈ ಪ್ರಕಟಣೆಯಿಂದ. ಉಪಾಧ್ಯೆಯವರ ಶಿಕ್ಷಣ ವಿಶ್ವವಿದ್ಯಾಲಯದ್ದು, ಬರೆಹ ಹೆಚ್ಚಾಗಿ ಇಂಗ್ಲಿಷಿನದು. ಆದರೂ ಪ್ರೇಮಿ ಮತ್ತು ಮುಖ್ತಾರರ ಹಿಂದಿ ಲೇಖನಗಳನ್ನು ಅವರು ಸಮಾನಸ್ಕಂಧರ ಬರೆಹಗಳೆಂದು ಪರಿಗಣಿಸಿ ಚರ್ಚಿಸಿದರು. ಪದವಿಯಿಲ್ಲದ ವಿದ್ವಾಂಸರಿಗೆ ವಿದ್ಯಾಪೀಠದ ಮನ್ನಣೆ ದೊರೆತದ್ದು ಹೀಗೆ. ಮೂಡಬಿದಿರೆಯ ಕೆ. ಭುಜಬಲಿ ಶಾಸ್ತ್ರಿಗಳು ಬಿಹಾರದ ಆರಾ ನಗರದ ಜೈನ ಸಿದ್ಧಾಂತ ಭವನದಲ್ಲಿದ್ದು 'ಜೈನ ಸಿದ್ಧಾಂತ ಭಾಸ್ಕರ'ದ ಸಂಪಾದನೆಯಲ್ಲಿ ತೊಡಗಿದ್ದುದನ್ನೂ, ಮುಂದೆ 1948ರಲ್ಲಿ ಕನ್ನಡ ಪ್ರಾಂತದ ತಾಳೆಗರಿ ಗ್ರಂಥಗಳ ಸೂಚಿಯನ್ನು ನೀಡಿದುದನ್ನೂ ಇದೇ ಸಾಲಿನಲ್ಲಿ ನೆನೆಯಬೇಕು.

ಪತ್ರಿಕೆಗಳ ಆಯುಸ್ಸು ಮಾತ್ರ ಅಲ್ಪ. ಜೈನ ಹಿತೈಷಿಯನ್ನು ಕೊನೆಯ ಕೆಲವು ವರ್ಷ ಮುಖ್ತಾರರೇ ಸಂಪಾದಿಸಿದರು. ಬಳಿಕ ಅದು ನಿಂತಿತು. ಅನೇಕಾಂತವು ಒಂದು ವರ್ಷ ನಡೆದು, ಎಂಟು ವರ್ಷಗಳಷ್ಟು ಕಾಲ ಮೌನವಾಗಿದ್ದು, 1938ರಲ್ಲಿ ಸರಸಾವಾದ ವೀರ ಸೇವಾ ಮಂದಿರದಿಂದ ಮತ್ತೆ ಹೊರಟಿತು. ಪರಮಾನಂದ ಶಾಸ್ತ್ರಿ, ದರಬಾರಿಲಾಲ ಕೋಠಿಯಾ ಮೊದಲಾದವರು ಅಲ್ಲಿ ಪಳಗಿದರು.

ಪ್ರೇಮಿಯವರು ತಮ್ಮ ಚದುರಿದ ಲೇಖನಗಳನ್ನು 'ಜೈನ ಸಾಹಿತ್ಯ ಔರ್ ಇತಿಹಾಸ' ಎಂಬ ಹೆಸರಿನಲ್ಲಿ ಒಟ್ಟುಗೂಡಿಸಿದ್ದು 1942ರಲ್ಲಿ. ಹಳೆಯ ಲೇಖನಗಳನ್ನು ಹಾಗೆಯೇ ಮರುಮುದ್ರಿಸದೆ, ಹೊಸ ಸಾಮಗ್ರಿಯ ಬೆಳಕಿನಲ್ಲಿ ತಿದ್ದಿ, ಕೆಲವನ್ನು ಹೊಸತಾಗಿಯೇ ಬರೆದರು. ಅದೇ ವರ್ಷ ಅವರ ಏಕೈಕ ಪುತ್ರ ಹೇಮಚಂದ್ರರು ತೀರಿಕೊಂಡರು. ಮರುವರ್ಷ ಪ್ರೇಮಿಯವರು ಸಂಪಾದಿಸಿ ಪ್ರಕಟಿಸಿದ್ದು ಬನಾರಸೀದಾಸನ 'ಅರ್ಧಕಥಾನಕ'ವನ್ನು, ಒಂಬತ್ತು ಮಕ್ಕಳನ್ನು ಕಳೆದುಕೊಂಡ ಜೈನ ವರ್ತಕನೊಬ್ಬನ 1641ರ ಆತ್ಮಕಥೆಯನ್ನು. ಜೈನ ಸಾಹಿತ್ಯ ಔರ್ ಇತಿಹಾಸದ ಎರಡನೆಯ ಆವೃತ್ತಿ 1956ರಲ್ಲಿ ಬಂದಿತು. ಅಲ್ಲಿಯೂ ತಿದ್ದುಪಡಿಗಳಿವೆ.

ಈ ಕಾರಣದಿಂದ ಪ್ರೇಮಿಯವರ ಅಭಿಪ್ರಾಯವನ್ನು ಉಲ್ಲೇಖಿಸುವ ಸಂಶೋಧಕರು ಅದು ಯಾವ ವರ್ಷದ ಪ್ರೇಮಿಯವರದೆಂದು ತಿಳಿಸುವುದು ಅವಶ್ಯ. ಯಾಪನೀಯ ಸಂಘ, ಶಾಕಟಾಯನ, ಮಾನ್ಯಖೇಟದ ಪುಷ್ಪದಂತ ಇವರನ್ನು ಕುರಿತು ಬರೆಯುವ ಕನ್ನಡ ವಿದ್ಯಾರ್ಥಿಗಳಿಗೆ ಇದು ಪದೇಪದೇ ಎದುರಾಗುವ ಸಮಸ್ಯೆ. ಪತ್ರಿಕೆಯ ಹಳೆಯ ಸಂಚಿಕೆಯಷ್ಟನ್ನೇ ಕಂಡವರಿಗೆ ಪಾತ್ರಕೇಸರಿಯೂ ವಿದ್ಯಾನಂದನೂ ಇಂದಿಗೂ ಒಬ್ಬನೇ.